ದಾಲೋ ಬೆಳೆಯುವ ತವೆಯುನಿ

ಫಿಜಿ ಅಂದ ಕೂಡಲೇ ನಮ್ಮವರಿಗೆ ಕಬ್ಬಿನ ಗದ್ದೆ, ಗಿರ್ಮಿಟ್ ಅಂದರೆ ಕರಾರಿನ ಮೇಲೆ ಬಂದ ಕೂಲಿಗಳ ಕತೆ ನೆನಪಾಗುತ್ತದೆ. ನಾನಿರುವ ರಾಜಧಾನಿ ಸುವಾದಿಂದ ಹಡಗು ಹತ್ತಿ ತವೆಯುನಿಗೆ ಹೋದರೆ ಲೋಕವೇ ಬೇರೆ. ಅಲ್ಲಿ ದಾಲೋದ್ದೇ ದರ್ಬಾರು. ದಾಲೋ ಅಂದರೆ ನಮ್ಮ ಕೆಸುವಿನ ಗಡ್ಡೆ.

ದೇಶದ ಮೂರನೇ ದೊಡ್ಡ ದ್ವೀಪ ಇದು, ಥಾಕೌಂಡ್ರೊವೆ ಪ್ರಾಂತ್ಯಕ್ಕೆ ಸೇರಿದ್ದು. ನಡುವೆ ಜ್ವಾಲಾಮುಖಿಗಳ ಸಾಲು, ಸಾವಿರ ಮೀಟರ್ ದಾಟುವ ಶಿಖರಗಳು. ಮಣ್ಣು ಕಪ್ಪು, ಮಳೆ ಜಾಸ್ತಿ.

1993ರಲ್ಲಿ ಪಕ್ಕದ ಸಮೋವಾದಲ್ಲಿ ಎಲೆರೋಗ ಬಂದು ದಾಲೋ ಬೆಳೆ ನೆಲಕಚ್ಚಿತು. ನ್ಯೂಜಿಲೆಂಡಿನಲ್ಲಿರುವ ಸಮೋವಾದವರು ಗಡ್ಡೆ ಬಿಟ್ಟು ಬದುಕುವವರಲ್ಲ! ಆ ಮಾರುಕಟ್ಟೆ ತವೆಯುನಿಗೆ ಸಿಕ್ಕಿತು. ಆದರೆ ಒಂದೇ ಬೆಳೆ ಮತ್ತೆ ಮತ್ತೆ ಹಾಕಿ ಮಣ್ಣು ಸೋತಿತು. ಕೆಲವರು ಗುಡ್ಡದ ಕಾಡು ಕಡಿಯುತ್ತಾ ಮೇಲೆ ಹೋದರು. ಈಗ ಜಾಣ ರೈತರು ಎರಡು ಬೆಳೆಗಳ ನಡುವೆ ನಸುಗುನ್ನಿ ಜಾತಿಯ ಬಳ್ಳಿ ಹಬ್ಬಿಸಿ ಮಣ್ಣಿಗೆ ಕಸುವು ತುಂಬುತ್ತಾರೆ. ಕಾಡು ಕಡಿಯುವುದಕ್ಕಿಂತ ಇದೇ ವಾಸಿ, ಅಲ್ವಾ? ಜೊತೆಗೆ ಯಂಗೋನಾ, ಅಂದರೆ ಜಜ್ಜಿ ನೀರಲ್ಲಿ ಕಲಸಿ ಕುಡಿಯುವ ಕಾವಾ ಬೇರು. ಕೀಳಲು ಮೂರು ವರ್ಷವಾದರೂ ಕಾಯಬೇಕು. 2016ರ ವಿನ್‌ಸ್ಟನ್ ಚಂಡಮಾರುತದ ನಂತರ ಅದರ ಬೆಲೆ ಗಗನಕ್ಕೇರಿತು.

ಇಲ್ಲಿನ ದೊರೆಗೆ ತುಯಿ ಥಾಕೌ ಎಂಬ ಬಿರುದು, ಸೊಮೊಸೊಮೊ ಅವರ ಊರು. ಟೊಂಗಾದ ಸರದಾರ ಮಾಫು ಪೂರ್ವದ ದ್ವೀಪಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದ ಕಾಲ. 1862ರ ಸುಮಾರಿಗೆ ಅವನ ದಳಪತಿ ವೈನಿಂಗೋಲೊ ಇದೇ ದ್ವೀಪದ ವೈರಿಕಿಯಲ್ಲಿ ಸೊಮೊಸೊಮೊ ದೊರೆಮನೆಯ ರಾತು (ಅಂದರೆ ನಾಯಕ) ಗೋಲೆಯಾನ ಕಡೆಯವರಿಂದ ಸತ್ತ. ತಮಾಷೆ ನೋಡಿ, 1874ರಲ್ಲಿ ಫಿಜಿಯನ್ನು ಬ್ರಿಟಿಷರಿಗೆ ಒಪ್ಪಿಸುವ ಪತ್ರಕ್ಕೆ ಮಾಫು, ಗೋಲೆಯಾ ಇಬ್ಬರೂ ಸಹಿ ಹಾಕಿದರು. ಅಷ್ಟರಲ್ಲಿ ಕರಾವಳಿಯ ಒಳ್ಳೆಯ ಜಮೀನು ಬಿಳಿಯರ ಪಾಲಾಗಿತ್ತು. ಮೊದಲು ಹತ್ತಿ, ಆಮೇಲೆ ತೆಂಗು. ಹಾಗಾಗಿ ಫಿಜಿಯ ಹೆಚ್ಚಿನ ಭೂಮಿ ಇಂದಿಗೂ ಮತಾಂಗಾಲಿ ಎಂಬ ಕುಲಗಳ ಕೈಯಲ್ಲಿದ್ದರೂ ಇಲ್ಲಿ ಖಾಸಗಿ ತೋಟಗಳು ಬಹಳ.

ದೊರೆತನವೇನೂ ಹಳೆಯ ಕತೆಯಾಗಿಲ್ಲ. ಈಗಿನ ತುಯಿ ಥಾಕೌ ರಾತು ನೈಂಗಾಮ ಲಾಲಾಬಲಾವು 2024ರಲ್ಲಿ ದೇಶದ ರಾಷ್ಟ್ರಪತಿಯಾದರು.

ಇತ್ತ ಬರುವವರಿಗೆ ಒಂದು ಮಾತು. ಹಳ್ಳಿಯೊಳಗೆ ಸುಮ್ನೆ ನುಗ್ಗಬೇಡಿ. ಪೇಟೆಯಲ್ಲೇ ಒಂದು ಕಟ್ಟು ಯಂಗೋನಾ ಬೇರು ಕೊಂಡು, ಟೋಪಿ ತೆಗೆದು, ಹಿರಿಯರ ಮುಂದೆ ಅದನ್ನಿಟ್ಟು ಅನುಮತಿ ಕೇಳಿ.