ಹಳೆ ಇಂಗ್ಲಿಷ್–ಕನ್ನಡ ಪದಪಟ್ಟಿ: ‘ಸ್ಪೆಲ್’ ಎಲ್ಲಿಗೆ ಬಂತು

ಹಳೆ ಇಂಗ್ಲಿಷಿನ (ಸುಮಾರು 12ನೇ ಶತಮಾನಕ್ಕೆ ಮುಂಚಿನ ಇಂಗ್ಲಿಷ್) ‘ಸ್ಪೆಲ್’ ನಮೂದು ಮುಕ್ಕಾಲು ಪಾಲು ಮುಗಿದಿದೆ. ಇದು ಸುದ್ದಿ, ಕಥೆ ಎಂಬರ್ಥದ ನಪುಂಸಕಲಿಂಗದ ನಾಮಪದ. ಪ್ರಥಮಾ, ದ್ವಿತೀಯಾಗಳಲ್ಲಿ ಏಕವಚನಕ್ಕೂ ಬಹುವಚನಕ್ಕೂ ಒಂದೇ ರೂಪ. ಕಥೆ ಒಂದೋ ಹಲವೋ ಎಂಬುದನ್ನು ಅಕ್ಕಪಕ್ಕದ ಪದಗಳೇ ಹೇಳಬೇಕು. ಷಷ್ಠಿಯಲ್ಲಿ ಆ ತೊಡಕಿಲ್ಲ: ‘ಸ್ಪೆಲ್ಲೆಸ್’, ಬಹುವಚನ ‘ಸ್ಪೆಲ್ಲ’.

ಮೊದಲ ಅರ್ಥವಾಗಿ ‘ಕಥೆ’ ಹಾಕುವುದು ಸುಲಭ, ಆದರೆ ಸಾಲದು. 9ನೇ ಶತಮಾನದ ಕೊನೆಯಲ್ಲಿ ನಾರ್ವೆಯ ನಾವಿಕ ಒಹ್ಥೆರೆ ಇಂಗ್ಲೆಂಡಿನ ವೆಸೆಕ್ಸ್ ನಾಡಿನ ಆಲ್ಫ್ರೆಡ್ ದೊರೆಗೆ ಒಪ್ಪಿಸಿದ ಪ್ರವಾಸದ ವರದಿಯಲ್ಲಿ ‘ಫೆಲ ಸ್ಪೆಲ್ಲ’ (ಹಲವು ‘ಸ್ಪೆಲ್’) ಬರುತ್ತದೆ. ಬಿಳಿ ಸಮುದ್ರದ ದಡದ ಬೆಯೊರ್ಮ ಜನ ತಮ್ಮ ನಾಡಿನ, ಸುತ್ತಲ ನಾಡುಗಳ ಬಗ್ಗೆ ಬಹಳಷ್ಟು ಹೇಳಿದರು. ಕಣ್ಣಾರೆ ಕಾಣದ್ದರಿಂದ ಅದರಲ್ಲಿ ನಿಜವೆಷ್ಟೆಂದು ಅವನಿಗೆ ತಿಳಿಯಲಿಲ್ಲ. ಇಲ್ಲಿ ‘ಕೇಳಿಬಂದ ಸುದ್ದಿ’ಯೇ ಸರಿ. ಹಾಗಾಗಿ ‘ಹೇಳಿದ ಸಂಗತಿ, ಸುದ್ದಿ’ ಮೇಲಕ್ಕೆ ಹೋಗಿದೆ, ‘ಕಥೆ’ ಎರಡನೆಯದು.

ಸಮಾಸಗಳೂ ಇದನ್ನೇ ಒಪ್ಪುತ್ತವೆ. ಬೇವುಲ್ಫ್ ಕಾವ್ಯದ ‘ವೇಆಸ್ಪೆಲ್’ ದುಃಖದ ವಾರ್ತೆ. ‘ಲಾರ್‌ಸ್ಪೆಲ್’ ಉಪದೇಶ, ‘ಲೇಆಸ್‌ಸ್ಪೆಲ್’ ಕಟ್ಟುಕಥೆ. ‘ಬೀಸ್ಪೆಲ್’ಗೆ ಸಾಮ್ಯ, ದೃಷ್ಟಾಂತ, ಜರ್ಮನ್ನಿನ ‘ಬೈಷ್ಪೀಲ್’ ಇದರ ದಾಯಾದಿ, ಆಟವೆಂಬ ಅರ್ಥದ ‘ಷ್ಪೀಲ್’ಗೆ ಮೂಲದಲ್ಲಿ ಸಂಬಂಧವಿಲ್ಲ.

ಹೆಚ್ಚು ಕಾಡಿದ್ದು ‘ಗೋದ್‌ಸ್ಪೆಲ್’, ಇಂದಿನ ‘ಗಾಸ್ಪೆಲ್’. ಲ್ಯಾಟಿನ್ನಿನ ‘ಎವಾಂಜೆಲಿಯುಮ್’ಗೆ ಕಟ್ಟಿದ ಪದ, ‘ಒಳ್ಳೆಯ ಸುದ್ದಿ’. ಮುಂದೆ ವ್ಯಂಜನಗಳ ಗುಂಪು ಬಂದಾಗ ‘ಗೋದ್’ (ಒಳ್ಳೆಯ) ಪದದ ದೀರ್ಘ ಓಕಾರ ಕುಗ್ಗಿ ‘ಗೊದ್’ (ದೇವರು) ಎಂದಾಯಿತು, ಜನ ಅದನ್ನು ‘ದೇವರ ಮಾತು’ ಎಂದು ಓದಿಕೊಂಡರು. ಹಸ್ತಪ್ರತಿಗಳು ಸ್ವರದ ಉದ್ದವನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಆದ್ದರಿಂದ ಬರೆಹ ನೋಡಿ ತೀರ್ಮಾನಿಸಲಾಗದು. ಸ್ಕ್ಯಾಂಡಿನೇವಿಯದ ಹಳೆಯ ಭಾಷೆಯಾದ ಹಳೆ ನಾರ್ಸ್‌ಗೆ ಹೋದ ‘ಗುಥ್‌ಸ್ಪ್ಯಲ್’ನಲ್ಲಿ ಆಗಲೇ ದೇವರು ಸೇರಿದ್ದಾನೆ. ಕನ್ನಡ ಬೈಬಲ್ಲಿನ ‘ಸುವಾರ್ತೆ’ ಮೂಲಾರ್ಥಕ್ಕೆ ಅಚ್ಚುಕಟ್ಟಾಗಿ ಕೂರುತ್ತದೆ, ಅದನ್ನೇ ಇಟ್ಟಿದ್ದೇವೆ.

ಉದಾಹರಣೆ ಹುಡುಕುವಾಗ ಒಂದು ಲಕಾರ, ಎರಡು ಲಕಾರ ಎರಡನ್ನೂ ಹಾಕಬೇಕು. ಕಾವ್ಯದಲ್ಲಿ ‘ಸ್ಪೆಲ್’ ಒಂದೇ ಲಕಾರದಲ್ಲೂ ಸಿಗುತ್ತದೆ. ಆಗ ‘ಸ್ಪೆಲಿಯನ್’ ಕೂಡ ಬಲೆಗೆ ಬೀಳುತ್ತದೆ. ಅದು ಬೇರೆಯೇ ಧಾತು, ‘ಇನ್ನೊಬ್ಬರ ಬದಲಿಗೆ ನಿಲ್ಲು’ ಎಂದರ್ಥ, ತೆಗೆದುಹಾಕಿ. ಅಕ್ಷರ ಕೂಡಿಸಿ ಹೇಳುವ ಇಂದಿನ ‘ಸ್ಪೆಲ್’ ಹಳೆ ಫ್ರೆಂಚ್ ಸುತ್ತಿ ಬಂದದ್ದು. ‘ಮಂತ್ರ’ವನ್ನಂತೂ ಸೇರಿಸಲೇಬಾರದು: ಆ ಅರ್ಥ ಗಟ್ಟಿಯಾದದ್ದು 16ನೇ ಶತಮಾನದಲ್ಲಿ, ಹಳೆ ಇಂಗ್ಲಿಷಿನಲ್ಲಿ ಮಂತ್ರಕ್ಕೆ ‘ಗಾಲ್ಡೊರ್’ ಇತ್ತು.

ಟೊರೊಂಟೋದಲ್ಲಿ ಸಿದ್ಧವಾಗುತ್ತಿರುವ ಹಳೆ ಇಂಗ್ಲಿಷ್ ಕೋಶದಲ್ಲಿ ‘ಸ್ಪೆಲ್’ ಬರುವ ಎಸ್ ಅಕ್ಷರ ಇನ್ನೂ ಪ್ರಕಟವಾಗಿಲ್ಲ. ಸದ್ಯಕ್ಕೆ 1898ರ ಬಾಸ್ವರ್ತ್–ಟಾಲರ್ ನಿಘಂಟು, 1921ರ ಅದರ ಪುರವಣಿ, ಇವೇ ಆಧಾರ. ಉಳಿದಿರುವುದು ‘ಹೇಳು, ಮಾತಾಡು’ ಎಂಬರ್ಥದ ‘ಸ್ಪೆಲ್ಲಿಯನ್’ ಕ್ರಿಯಾಪದ ಮತ್ತು ಸುದ್ದಿ ತರುವವನೆಂಬ ‘ಸ್ಪೆಲ್‌ಬೊದ’.