ಸೊಂಟದ ರಕ್ತನಾಳಗಳ ಮಾಡೆಲ್: ಕೊನೆಗೂ ಬಡಿತ ತಗ್ಗಿತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಪರದೆ ಮೇಲಿನ ಒತ್ತಡದ ಅಲೆ ತಗ್ಗಿ ಹೆಚ್ಚುಕಮ್ಮಿ ನೇರ ಗೆರೆಯಾಯಿತು. ಆರು ವಾರದಿಂದ ಕಾಯುತ್ತಿದ್ದೆ. ಟ್ಯೂಬುಗಳಿಂದ ನಾನು ಮಾಡಿದ ಸೊಂಟದ ಮಾಡೆಲ್‌ನಲ್ಲಿ ಎರಡೂ ಕಡೆಯ ಇಂಟರ್ನಲ್ ಇಲಿಯಾಕ್‌ಗೆ, ಅಂದರೆ ಗರ್ಭಕೋಶಕ್ಕೂ ಅದರ ಸುತ್ತಲಿನ ಅಂಗಗಳಿಗೂ ರಕ್ತ ಒಯ್ಯುವ ಅಪಧಮನಿಗೆ, ಗಂಟು ಬಿಗಿದಿದ್ದೆ. ಗರ್ಭಕೋಶಕ್ಕೆ ಹೋಗುವ ಟ್ಯೂಬಿನಲ್ಲಿ ಕೆಂಪು ನೀರು ಹರಿಯುತ್ತಲೇ ಇತ್ತು, ಬಡಿತ ಮಾತ್ರ ಇರಲಿಲ್ಲ. ನನಗೆ ಬೇಕಾಗಿದ್ದು ಅದೇ.

ಅಚ್ಚು, ಬಡಿತದಂತೆ ನೀರು ತಳ್ಳುವ ಪಂಪು, ಒತ್ತಡ ಅಳೆಯುವ ಸೆನ್ಸರು, ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಬೋರ್ಡು) ಕೋಡು ಇವುಗಳ ವಿವರ ಇಲ್ಲಿ ಬಿಡುತ್ತೇನೆ. ದ್ರವ ನೂರಕ್ಕೆ 40 ಭಾಗ ಗ್ಲಿಸರಿನ್, ಉಳಿದದ್ದು ನೀರು. ಹೆಚ್ಚುಕಮ್ಮಿ ರಕ್ತದಷ್ಟೇ ಮಂದವಾಗುತ್ತದೆ.

ಇದು ಶುರುವಾದದ್ದು ಅಕ್ಕನ ಮಗಳಿಂದ. ಅವಳು ಹೆರಿಗೆ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದಾಳೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ, ಔಷಧಿ, ಬಲೂನು, ಗರ್ಭಕೋಶದ ಹೊಲಿಗೆ ಯಾವುದೂ ಕೈಹಿಡಿಯದಿದ್ದರೆ ಈ ಗಂಟು ಹಾಕುವುದುಂಟು. ತಾಯಿಯ ಜೀವ ಉಳಿಯಬೇಕು, ಆದರೆ ಗರ್ಭಕೋಶವೂ ಉಳಿಯಬೇಕು. ಅವಳು ಇದನ್ನು ನೋಡಿದ್ದು ಒಂದೇ ಸಲ, ಅದೂ ಹಿರಿಯ ಡಾಕ್ಟರರ ಹೆಗಲ ಹಿಂದಿನಿಂದ. ಕೈಯಲ್ಲಿ ಮಾಡಿ ಕಲಿಯಲು ಏನಾದರೂ ಬೇಕಲ್ವಾ?

ಮೊದಲ ಮಾಡೆಲ್‌ನಲ್ಲಿ ಗಂಟು ಬಿಗಿದ ತಕ್ಷಣ ಎಲ್ಲ ಒಣಗಿ ಹೋಯಿತು. ನನಗೆ ಖುಷಿಯೋ ಖುಷಿ. ಅವಳು ತಲೆ ಅಲ್ಲಾಡಿಸಿದಳು. "ಮಾವ, ಇದು ತಪ್ಪು ಕಲಿಸುತ್ತೆ. ನಿಜವಾಗಿ ಹೀಗೆ ನಿಲ್ಲಲ್ಲ."

ಅವಳು ಹೇಳಿದ್ದು ಸರಿ. 1968ರಲ್ಲಿ ಬರ್ಚೆಲ್ ಎಂಬ ವೈದ್ಯರು ಇದನ್ನೇ ಅಳೆದು ಪ್ರಕಟಿಸಿದ್ದರು. ಎರಡೂ ಕಡೆ ಗಂಟು ಹಾಕಿದರೆ ಗಂಟಿನ ಕೆಳಗೆ ಬಡಿತದ ಒತ್ತಡ ನೂರಕ್ಕೆ 85ರಷ್ಟು ಇಳಿಯುತ್ತದೆ. ಆದರೆ ಹರಿವು ಇಳಿಯುವುದು ಸುಮಾರು ಅರ್ಧದಷ್ಟೇ. ಅಕ್ಕಪಕ್ಕದ ಸಣ್ಣ ದಾರಿಗಳಿಂದ ರಕ್ತ ಬರುತ್ತಲೇ ಇರುತ್ತದೆ. ಗುದ್ದಿ ಗುದ್ದಿ ಬರುತ್ತಿದ್ದದ್ದು ಮೆತ್ತಗೆ ಬರುತ್ತದೆ, ಹಾಗಾಗಿ ಹೆಪ್ಪು ಕಿತ್ತುಹೋಗದೆ ಕೂರುತ್ತದೆ. ಗರ್ಭಕೋಶ ಸಾಯದೆ ಉಳಿಯುವುದಕ್ಕೂ ಆ ಸಣ್ಣ ದಾರಿಗಳೇ ಕಾರಣ. ಇದು ಅರ್ಥವಾದ ದಿನ ನನಗೆ ನಿದ್ದೆ ಬರಲಿಲ್ಲ.

ಸರಿ, ಅಡ್ಡದಾರಿ ಹಾಕೋಣ ಎಂದು ಸೊಂಟದ ಹಿಂಭಾಗದ ಲಂಬಾರ್ ನಾಳದಿಂದ ಇಂಟರ್ನಲ್ ಇಲಿಯಾಕ್‌ನ ಒಂದು ಶಾಖೆಯಾದ ಇಲಿಯೊಲಂಬಾರ್‌ಗೆ ಟ್ಯೂಬ್ ಜೋಡಿಸಿದೆ. ಗಂಟು ಹಾಕಿದೆ. ಮತ್ತೆ ಒಣ! ಎರಡು ಸಂಜೆ ಸೋರಿಕೆ ಹುಡುಕಿದ್ದೇ ಬಂತು. ತಪ್ಪು ಬೇರೆ ಕಡೆ ಇತ್ತು. ಇಂಟರ್ನಲ್ ಇಲಿಯಾಕ್ ಮುಂದೊಂದು, ಬೆನ್ನಿನ ಕಡೆಗೊಂದು ಕವಲೊಡೆಯುತ್ತದೆ; ಇಲಿಯೊಲಂಬಾರ್ ಹೊರಡುವುದು ಬೆನ್ನಿನ ಕಡೆಯ ಕವಲಿನಿಂದ. ಆ ಕವಲನ್ನು ಉಳಿಸಬೇಕೆಂದೇ ಗಂಟನ್ನು, ದೊಡ್ಡ ಇಲಿಯಾಕ್ ನಾಳ ಇಂಟರ್ನಲ್, ಎಕ್ಸ್‌ಟರ್ನಲ್ ಎಂದು ಇಬ್ಭಾಗವಾಗುವ ಜಾಗದಿಂದ ಎರಡೂವರೆ ಮೂರು ಸೆಂಟಿಮೀಟರ್ ಕೆಳಗೆ ಹಾಕುವುದು. ಅಂದರೆ ನಾನು ತಂದ ನೀರು ಗಂಟಿನ ಮೇಲೆಯೇ ನಿಂತುಬಿಡುತ್ತಿತ್ತು. ಗಂಟಿನ ಕೆಳಗೆ ಬಂದು ಸೇರುವ ದಾರಿ ಬೇರೆ: ಕರುಳಿಗೆ ರಕ್ತ ಒಯ್ಯುವ ಇನ್‌ಫೀರಿಯರ್ ಮೆಸೆಂಟೆರಿಕ್‌ನಿಂದ ಬರುವ ಸುಪೀರಿಯರ್ ರೆಕ್ಟಲ್ (ಗುದನಾಳದ ಮೇಲಿನ ರಕ್ತನಾಳ), ಅಲ್ಲಿಂದ ಇಂಟರ್ನಲ್ ಇಲಿಯಾಕ್‌ಗೆ ಸೇರಿದ ಮಿಡಲ್ ರೆಕ್ಟಲ್‌ಗೆ. ಅದನ್ನು ಜೋಡಿಸಿದ ಮೇಲೆ ನೀರು ಬಂತು. ಆದರೆ ಬಡಿತವೂ ತಗ್ಗದೆ ಹಾಗೇ ಬಂತು.

ಇಲ್ಲಿಂದ ಮೂರು ವಾರ ಟ್ಯೂಬಿನ ಗೋಳು. ಒಳಅಳತೆ 2 ಎಂಎಂ ಸಿಲಿಕೋನ್ ಎಂದು ಆನ್‌ಲೈನ್‌ನಲ್ಲಿ ತರಿಸಿದೆ. ಬಂದದ್ದರೊಳಗೆ 3 ಎಂಎಂ ಡ್ರಿಲ್ ಬಿಟ್ ಸಲೀಸಾಗಿ ಹೋಯಿತು. ಅಗಲ ಒಂದೂವರೆ ಪಟ್ಟಾದರೆ ಹರಿವು ಐದು ಪಟ್ಟಾಗುತ್ತದೆ, ಅರ್ಧ ಎಂಎಂ ಕೂಡ ನಮಗೆ ಚಿಲ್ಲರೆಯಲ್ಲ. ವಾಪಸ್ ಕಳಿಸಿದರೆ ಅದೇ ಅಳತೆಯದ್ದು ಮತ್ತೆ ಬಂತು! ಅನುಮಾನ ಬಂದು ಚೂರು ಕತ್ತರಿಸಿ ಬೆಂಕಿ ಹಿಡಿದೆ. ಸಿಲಿಕೋನ್ ಆಗಿದ್ದರೆ ಬಿಳಿ ಬೂದಿ ಉಳಿಯಬೇಕಿತ್ತು. ಕಪ್ಪು ಹೊಗೆ ಬಂತು. ಪಿವಿಸಿ, ಅಂದರೆ ಅಷ್ಟಾಗಿ ಹಿಗ್ಗದ ಪ್ಲಾಸ್ಟಿಕ್. ಅಳತೆ, ಮಾಲು ಎರಡೂ ಸುಳ್ಳು ಬರೆದು ಮಾರುವವರ ಮೇಲೆ ನನಗೆ ನಿಜವಾಗಿ ಸಿಟ್ಟಿದೆ.

ಆದರೆ ಆ ಹೊಗೆಯೇ ದಾರಿ ತೋರಿಸಿತು. ಗಂಟಿನ ಕೆಳಗೂ ಅದೇ ಗಟ್ಟಿ ಟ್ಯೂಬ್ ಹಾಕಿದ್ದೆ. ಪವರ್ ಸಪ್ಲೈಯಲ್ಲಿ ಕರೆಂಟಿನ ಅಲೆ ಇಳಿಸಲು ಹರಿವನ್ನು ತಡೆಯುವ ರೆಸಿಸ್ಟರ್ ಒಂದೇ ಸಾಕಾ? ತುಂಬಿಟ್ಟುಕೊಂಡು ನಿಧಾನವಾಗಿ ಬಿಡುವ ಕೆಪಾಸಿಟರ್ ಬೇಕು. ಇಲ್ಲಿ ಸಣ್ಣ ಅಡ್ಡದಾರಿ ರೆಸಿಸ್ಟರ್, ಹಿಗ್ಗಿ ಕುಗ್ಗುವ ರಕ್ತನಾಳದ ಗೋಡೆ ಕೆಪಾಸಿಟರ್. ನನ್ನ ಗೋಡೆ ಹಿಗ್ಗುತ್ತಲೇ ಇರಲಿಲ್ಲ. ಅಡ್ಡದಾರಿಗೆ ಸರಿಯಾದ 2 ಎಂಎಂ ಹುಡುಕಿ ಹಾಕಿದೆ. ಕೆಳಗಿನ ಕವಲುಗಳನ್ನು ತೆಳು ಸಿಲಿಕೋನ್‌ನಲ್ಲಿ ಮನೆಯಲ್ಲೇ ಎರಕ ಹೊಯ್ದೆ. ನಿನ್ನೆ ಅಳತೆ: ಬಡಿತದ ಏರಿಳಿತ 40ರಿಂದ 7ಕ್ಕೆ. ಲೋಟ, ಸ್ಟಾಪ್‌ವಾಚ್ ಹಿಡಿದು ನೋಡಿದರೆ ಹರಿವು ನಿಮಿಷಕ್ಕೆ 220 ಎಂಎಲ್‌ನಿಂದ 120ಕ್ಕೆ. ಮೂರು ಸಲ ನೋಡಿದೆ, ಅಷ್ಟೇ ಬಂತು.

    

ಇವತ್ತು ಬೆಳಿಗ್ಗೆ ಅಕ್ಕನ ಮಗಳನ್ನು ಕರೆಸಿದೆ. ಅಭಿಧಮನಿಗಳನ್ನು ಬಲೂನ್ ರಬ್ಬರಿನಲ್ಲಿ ಮಾಡಿ ನೀಲಿ ನೀರು ತುಂಬಿದ್ದೇನೆ. ಮೊದಲ ಸಲ ಅವಸರದಲ್ಲಿ ದಾರ ಹಾಯಿಸುವ ಫೋರ್ಸೆಪ್ಸ್ (ಇಕ್ಕಳ) ಅನ್ನು ನಾಳದ ಅಡಿಯಲ್ಲಿ ಒಳಗಿನಿಂದ ಹೊರಕ್ಕೆ, ಅಂದರೆ ದೇಹದ ಮಧ್ಯದಿಂದ ಪಕ್ಕಕ್ಕೆ, ತೂರಿಸಿದಳು. ಪಕ್ಕದಲ್ಲೇ ಇರುವ, ಕಾಲಿನಿಂದ ರಕ್ತ ತರುವ ಎಕ್ಸ್‌ಟರ್ನಲ್ ಇಲಿಯಾಕ್ ಅಭಿಧಮನಿ ಹರಿದು ಮೇಜೆಲ್ಲ ನೀಲಿ. ಇಬ್ಬರೂ ನಕ್ಕೆವು, ಒರೆಸಿದೆವು. ಎರಡನೇ ಸಲ ಮೂತ್ರನಾಳವನ್ನು ಪಕ್ಕಕ್ಕೆ ಸರಿಸಿ, ಹೊರಗಿನಿಂದ ಒಳಕ್ಕೆ ನಿಧಾನವಾಗಿ ತೂರಿಸಿ ದಾರ ಎಳೆದಳು. ಬಿಗಿಯುವ ಮುಂಚೆ ಕಾಲಿಗೆ ಹೋಗುವ ಟ್ಯೂಬಿನ ಮೇಲೆ ಬೆರಳಿಟ್ಟಳು. ಬಿಗಿದ ಮೇಲೆ ಮತ್ತೆ ಇಟ್ಟಳು.

"ಕಾಲಲ್ಲಿ ಬಡಿತ ಇದೆ ಮಾವ. ಸರಿಯಾದ್ದನ್ನೇ ಕಟ್ಟಿದ್ದೀನಿ."

ಸೋಮವಾರ ಕಾಲೇಜಿಗೆ ಒಯ್ಯುತ್ತಾಳೆ. ಜೊತೆಯವರು ಎಂಟು ಜನ ಇದ್ದಾರಂತೆ. ಅಷ್ಟರೊಳಗೆ ಇನ್ನೂ ಎಂಟು ಜೊತೆ ನೀಲಿ ನಾಳ ಎರಕ ಹೊಯ್ಯಬೇಕು.