ಅತ್ತೆಯ ಸೋಬಾನೆ ಪದಗಳು: ಅರ್ಕಾವತ್ತು ಜಾಗಕ್ಕೆ ಬಂತು

ನಮ್ಮತ್ತೆ ಕೂಡಿಸಿಟ್ಟ 140 ಸೋಬಾನೆ ಪದಗಳನ್ನು ಪುಸ್ತಕ ಮಾಡುವ ಕೆಲಸ ಈ ವಾರ ಒಂದು ಹದಕ್ಕೆ ಬಂತು. 2004ರಲ್ಲಿ ಊರಿನ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿಸಿದ ಫೈಲ್‌ಗಳು. ಅವನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲೆಡೆ ಬಳಸುವ ಅಕ್ಷರಸಂಕೇತಕ್ಕೆ, ತಂದು ಪುಟ ಜೋಡಿಸುವ ತಂತ್ರಾಂಶವಾದ ಝೀಲೇಟೆಕ್‌ನಲ್ಲಿ ಪುಟ ಕಟ್ಟುತ್ತಿದ್ದೇನೆ.

ಹೋದ ವಾರದ ಪ್ರಿಂಟಿನಲ್ಲಿ ‘ಕರ್ಪೂರ’ ಇದ್ದಲ್ಲೆಲ್ಲ ‘ಕಪೂರ್ರ’, ‘ಸೂರ್ಯ’ ಇದ್ದಲ್ಲಿ ‘ಸೂಯರ್’. ಮೊದಲು ಫಾಂಟಿನ ಮೇಲೆ ಅನುಮಾನ ಬಂತು. ನೋಟೋ ಸೆರಿಫ್ ಕನ್ನಡ ತೆಗೆದು ಲೋಹಿತ್ ಹಾಕಿದೆ. ಅದೇ ತಪ್ಪು. ಎರಡು ಸಂಜೆ ಸುಮ್ನೆ ಹೋದವು.

ಕೊನೆಗೆ ಹಳೆ ಫೈಲನ್ನೇ ಬಿಚ್ಚಿ ಒಂದೊಂದು ಗುರುತನ್ನೂ ನೋಡಿದೆ. ಅಲ್ಲಿರುವುದು ಕನ್ನಡ ಅಕ್ಷರಗಳಲ್ಲ, ಅಕ್ಷರದ ತುಂಡುಗಳು. ಇಂಗ್ಲಿಷಿನ ದೊಡ್ಡ ‘ಪಿ’ ಜಾಗದಲ್ಲಿ ತಲಕಟ್ಟಿಲ್ಲದ ಕ ಕೂತಿದೆ. ಪೌಂಡ್ ಗುರುತಿನ ಜಾಗದಲ್ಲಿ ತಲಕಟ್ಟಿಲ್ಲದ ನ. ತಲಕಟ್ಟಿಗೆ ಬೇರೆಯದೇ ಗುರುತು. ಐಸ್‌ಲ್ಯಾಂಡಿನವರ ‘ಎಥ್’ ಅಕ್ಷರದ ಜಾಗ ಅರ್ಕಾವತ್ತಿಗೆ, ಅಂದರೆ ಅಕ್ಷರದ ಬಲಕ್ಕೆ ಬರುವ ‘ರ್’ ಗುರುತಿಗೆ. ಕಣ್ಣಿಗೆ ಕಾಣುವ ಸಾಲಿನಲ್ಲೇ ಎಲ್ಲ ಜೋಡಿಸಿದ್ದಾರೆ: ಕ, ಪೂ, ಆಮೇಲೆ ಅರ್ಕಾವತ್ತು, ಆಮೇಲೆ ರ. ಯೂನಿಕೋಡಿನಲ್ಲಿ ನಾವು ಉಲಿಯುವ ಸಾಲು. ಅಲ್ಲಿ ‘ರ್’ ಮೊದಲು, ‘ಪೂ’ ಆಮೇಲೆ. ನಾನು ಬರೆದ ಸ್ಕ್ರಿಪ್ಟ್ (ಫೈಲ್ ಬದಲಿಸುವ ಪುಟ್ಟ ಪ್ರೋಗ್ರಾಂ) ಗುರುತು ಬದಲಿಸುತ್ತಿತ್ತು, ಜಾಗ ಬದಲಿಸುತ್ತಿರಲಿಲ್ಲ.

‘ರ್’ ಅನ್ನು ಒಂದು ಗುರುತಿನಷ್ಟು ಹಿಂದಕ್ಕೆ ತಂದೆ. ಆಗ ‘ಪೂ’ ಒಡೆದು ಕೊಂಬು ‘ರ್’ ಪಾಲಾಯಿತು. ಇಡೀ ಗುಣಿತಾಕ್ಷರ, ಅದರ ಒತ್ತೂ ಸೇರಿ, ದಾಟಿಸಬೇಕು. ಹಾಗೆ ಬರೆದ ಮೇಲೆ ‘ಅರ್ಘ್ಯ’ ಕೂಡ ಸರಿ ಬಂತು. ಅದನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಆ ಪುಟವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೇನೆ.

ಮುನ್ನುಡಿಯಲ್ಲಿ ಇನ್ನೊಂದು ತೊಂದರೆ. ‘ಟೇಪ್‌ರೆಕಾರ್ಡರ್’ ಅನ್ನುವುದು ‘ಟೇಪ್ರೆಕಾರ್ಡರ್’ ಆಗಿತ್ತು. ಹಳೆ ಫೈಲಿನಲ್ಲಿ ಒತ್ತಿಗೊಂದು ಗುರುತು, ಬಿಡಿ ಅರ್ಧಾಕ್ಷರಕ್ಕೆ ಇನ್ನೊಂದು. ಟೈಪ್ ಮಾಡಿದವರು ಸರಿಯಾಗೇ ಮಾಡಿದ್ದರು, ಯಾವ ಗುರುತಿಗೆ ಯಾವ ಅಕ್ಷರ ಅನ್ನುವ ನನ್ನ ಪಟ್ಟಿ ಎರಡನ್ನೂ ಒಂದೇ ಮಾಡಿತ್ತು. ಈಗ ಬಿಡಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ನಡುವೆ ಯು+200ಸಿ (ಎರಡು ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಗುರುತು) ಸೇರುತ್ತದೆ. ‘ರ‍್ಯಾಲಿ’ಯಂಥ ಪದಕ್ಕೆ ‘ರ’ ಆದಮೇಲೆ ಯು+200ಡಿ ಎಂಬ ಇನ್ನೊಂದು ಕಾಣದ ಗುರುತು ಬೇಕು, ಇಲ್ಲದಿದ್ದರೆ ಅಲ್ಲೂ ಅರ್ಕಾವತ್ತು ಬಂದುಬಿಡುತ್ತದೆ. ಇದೆಲ್ಲ ಗೊತ್ತಾದ ಮೇಲೆ ಹೊಸದಾಗಿ ಟೈಪ್ ಮಾಡಿಸುವ ಯೋಚನೆ ಬಿಟ್ಟೆ. ಹಳೆ ಫೈಲಿನಲ್ಲಿ ಬೇಕಾದ್ದೆಲ್ಲ ಇದೆ.

ಝೀಲೇಟೆಕ್ ಕಡೆ ಜಾಸ್ತಿ ಕಷ್ಟವಿಲ್ಲ. ಫಾಂಟ್ ಆರಿಸುವ ಪ್ಯಾಕೇಜಾದ ಫಾಂಟ್‌ಸ್ಪೆಕ್‌ನಲ್ಲಿ ಸ್ಕ್ರಿಪ್ಟ್ (ಇಲ್ಲಿ ಲಿಪಿ) ಕನ್ನಡ ಅಂತ ಹೇಳುವುದನ್ನು ಮರೆಯಬಾರದು. ‘ಟ್ರೇಸಿಂಗ್‌ಲಾಸ್ಟ್‌ಚಾರ್ಸ್’ ಎಂಬ ಸೆಟ್ಟಿಂಗನ್ನು 3ಕ್ಕೆ ಇಟ್ಟಿದ್ದೇನೆ, ಫಾಂಟಿನಲ್ಲಿ ಇಲ್ಲದ ಅಕ್ಷರ ಬಂದರೆ ದೋಷ ಅಂತ ಎತ್ತಿ ತೋರಿಸುತ್ತದೆ.

140ರಲ್ಲಿ 86 ಪದಗಳು ಮುಗಿದಿವೆ. ಭಾನುವಾರ ಅತ್ತೆ ಒಂದೊಂದನ್ನೂ ಹಾಡುತ್ತಾರೆ, ನಾನು ಪ್ರಿಂಟಿನ ಮೇಲೆ ಬೆರಳಿಟ್ಟು ನೋಡುತ್ತಾ ಹೋಗುತ್ತೇನೆ.